ಮೂಡಣದ ಮೂಟೆ

ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಈ ಲೇಖನವನ್ನು ಬರೆಯುತ್ತ ಓದಿದರೆ ಹೆಚ್ಚು ರುಚಿ.

ಮೊದಲು ಎಡದಿಂದ ಬಲಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಕೆಳಗೆ ಚೂರು ಜಾಗ ಬಿಟ್ಟು ಒಂದು ಪೆಟ್ಟಿಗೆ ಬರೆಯಬೇಕು. ಎಡಗಡೆಯ ನಿಲುಗೆರೆ ಮೊದಲು. ಆಮೇಲೆ ಮೇಲಿನ ಅಡ್ಡಗೆರೆ. ಬಲತುದಿ ಮುಟ್ಟಿದ ಮೇಲೆ ಕೈಯೆತ್ತದೆ ಹಾಗೇ ಕೆಳಕ್ಕೆ ತಿರುಗಿಸಿ, ಎರಡೂ ಸೇರಿ ಒಂದೇ ಗೆರೆ ಎಂದು ಲೆಕ್ಕ. ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಅಡ್ಡಗೆರೆ, ಅಡಿಯನ್ನು ಮುಚ್ಚುವುದಕ್ಕೆ ಇನ್ನೊಂದು. ಐದಾಯಿತು. ಆರನೆಯದು ಉದ್ದದ ನಿಲುಗೆರೆ: ಎಲ್ಲಕ್ಕಿಂತ ಮೇಲಿನಿಂದ ಹೊರಟು, ಮೊದಲ ಅಡ್ಡಗೆರೆಯನ್ನು ದಾಟಿ, ಪೆಟ್ಟಿಗೆಯನ್ನು ನಡುವೆ ಸೀಳಿಕೊಂಡು ಕೆಳಗಿನವರೆಗೆ ಇಳಿಯಲಿ. ಕೊನೆಯ ಎರಡು, ಪೆಟ್ಟಿಗೆಯ ಅಡಿಯಿಂದ ಎಡಕ್ಕೊಂದು ಬಲಕ್ಕೊಂದು ಚಾಚುವ ಓರೆಗೆರೆಗಳು, ಅಗಲಿಸಿ ನಿಂತ ಕಾಲುಗಳ ಹಾಗೆ.

ಎಂಟು ಗೆರೆ. ಜಪಾನಿನ ಮಕ್ಕಳು ಎರಡನೆಯ ತರಗತಿಯಲ್ಲಿ ಕಲಿಯುವ 160 ಕಾಂಜಿಗಳಲ್ಲಿ, ಅಂದರೆ ಚೀನೀ ಮೂಲದ ಲಿಪಿಯ ಅಕ್ಷರಗಳಲ್ಲಿ, ಇದೂ ಒಂದು. ಅರ್ಥ: ಮೂಡಣ, ಪೂರ್ವ ದಿಕ್ಕು. ಟೋಕಿಯೊ ಎಂಬ ಹೆಸರಿನ ಮೊದಲ ಅಕ್ಷರ ಇದೇ. 1868ರಲ್ಲಿ ಎದೊ ನಗರಕ್ಕೆ ಹೊಸ ಹೆಸರು ಇಟ್ಟಾಗ ಈ ಅಕ್ಷರದ ಪಕ್ಕ ರಾಜಧಾನಿ ಎಂಬರ್ಥದ ಅಕ್ಷರವನ್ನು ಕೂರಿಸಿ ‘ಮೂಡಣ ರಾಜಧಾನಿ’ ಎಂದರು.

ನಾನು ಇದನ್ನು ಕಲಿತದ್ದು ಬೆಂಗಳೂರಿನ ಒಂದು ಸಂಜೆ ತರಗತಿಯಲ್ಲಿ. ಹಿಂದಿನ ವಾರ ನಮ್ಮ ಮೇಡಂ ಎರಡು ಅಕ್ಷರ ಕಲಿಸಿದ್ದರು. ಒಂದು ಸೂರ್ಯ: ನಡುವೆ ಅಡ್ಡಗೆರೆಯಿರುವ ಪೆಟ್ಟಿಗೆ. ಇನ್ನೊಂದು ಮರ: ಒಂದು ನಿಲುಗೆರೆ, ಅದರ ಮೇಲೊಂದು ಅಡ್ಡಗೆರೆ, ಕೆಳಗೆ ಎರಡು ಓರೆಗೆರೆ. ಆ ದಿನ ಅವರು ಬೋರ್ಡಿನ ಮೇಲೆ ಮರವನ್ನು ಬರೆದು, ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಅದರ ಕಾಂಡದ ಮೇಲೆ ಸೂರ್ಯನನ್ನು ಕೂರಿಸಿದರು. ‘ಮರದ ಹಿಂದಿನಿಂದ ಸೂರ್ಯ ಎದ್ದು ಬರ್ತಾ ಇದಾನೆ, ನೋಡಿ. ಅದು ಯಾವ ದಿಕ್ಕು?’ ಇಡೀ ತರಗತಿ ಒಟ್ಟಿಗೆ ಉತ್ತರ ಹೇಳಿತು. ಅದಾದ ಮೇಲೆ ಆ ಅಕ್ಷರ ನನಗೆ ಒಂದು ದಿನಕ್ಕೂ ಮರೆತಿಲ್ಲ. ನೆನಪಿನ ಕಥೆ ಎಂದರೆ ಹೀಗಿರಬೇಕು: ಒಂದು ಸಲ ಕೇಳಿದರೆ ಸಾಕು, ಕಣ್ಣು ಮುಚ್ಚಿದರೂ ಚಿತ್ರ ಎದುರಿಗೆ ನಿಲ್ಲಬೇಕು.

ಇಂಥ ಕಥೆಗಳ ಅಗತ್ಯ ಎಷ್ಟು ಎನ್ನುವುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಜಪಾನಿ ಸರ್ಕಾರ ದಿನಬಳಕೆಗೆಂದು ಗೊತ್ತುಮಾಡಿದ ಕಾಂಜಿಗಳು 2010ರ ಪಟ್ಟಿಯ ಪ್ರಕಾರ 2,136. ಅದರಲ್ಲಿ 1,026 ಅಕ್ಷರಗಳನ್ನು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲೇ ಕಲಿಸುತ್ತಾರೆ. ನಮ್ಮಲ್ಲಿ ಅಕ್ಷರ ಎಂದರೆ ಧ್ವನಿ. ‘ಕ’ ನೋಡಿದರೆ ಬಾಯಿ ತಾನಾಗಿ ‘ಕ’ ಎನ್ನುತ್ತದೆ. ಕಾಂಜಿಯಲ್ಲಿ ಆಕಾರ, ಅರ್ಥ, ಉಚ್ಚಾರಣೆ ಮೂರನ್ನೂ ಬೇರೆಬೇರೆಯಾಗಿ ಹಿಡಿದಿಟ್ಟುಕೊಳ್ಳಬೇಕು. ಉಚ್ಚಾರಣೆಯೂ ಒಂದೇ ಅಲ್ಲ. ನಿಮ್ಮ ಹಾಳೆಯ ಮೇಲಿರುವ ಅಕ್ಷರ ಒಂಟಿಯಾಗಿ ನಿಂತರೆ ‘ಹಿಗಾಶಿ’, ಅದು ಜಪಾನಿನ ಸ್ವಂತ ಮಾತು. ಟೋಕಿಯೊದಂಥ ಜೋಡುಪದದಲ್ಲಿ ಅದು ‘ತೋ’, ಚೀನಾದಿಂದ ಅಕ್ಷರದ ಜೊತೆಗೇ ಬಂದ ಉಚ್ಚಾರಣೆ.

ಜಪಾನೀಯರೇ ತಮ್ಮ ಮಕ್ಕಳಿಗೆ ಕಥೆ ಕಟ್ಟಿ ಹೇಳುತ್ತಾರೆ. ನನಗೆ ಬಲು ಇಷ್ಟವಾದದ್ದು ಹೆತ್ತವರು ಎಂಬರ್ಥದ ಅಕ್ಷರದ ಕಥೆ. ಅದನ್ನು ಬಿಡಿಸಿದರೆ ಮೂರು ತುಂಡು ಸಿಗುತ್ತವೆ: ನಿಲ್ಲು, ಮರ, ನೋಡು. ಊರು ಬಿಟ್ಟು ಹೊರಟ ಮಗು ಕಣ್ಣಿಗೆ ಕಾಣದಾದಾಗ, ಇನ್ನೂ ಸ್ವಲ್ಪ ದೂರ ಕಾಣಲಿ ಎಂದು ಮರ ಹತ್ತಿ ನಿಂತು ನೋಡುವವರೇ ತಂದೆತಾಯಿ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತೇ ಇರುವ ಅಮ್ಮನನ್ನು ಬಲ್ಲ ಯಾರಿಗೂ ಈ ಅಕ್ಷರ ಮರೆಯುವುದಿಲ್ಲ. ಆದರೆ ಅಕ್ಷರ ಹುಟ್ಟಿದ್ದು ಹೀಗಲ್ಲ. ಎಡಗಡೆಯ ಭಾಗ, ಅಂದರೆ ನಿಲ್ಲು ಮತ್ತು ಮರ ಎಂದು ನಾವು ಓದಿಕೊಂಡದ್ದು, ಇಲ್ಲಿ ಉಚ್ಚಾರಣೆಯನ್ನು ಸೂಚಿಸಲು ಬಂದ ತುಂಡು. ಮನುಷ್ಯ ಎಂಬ ಎರಡೇ ಗೆರೆಯ ಅಕ್ಷರಕ್ಕೂ ಹಾಗೇ ಒಂದು ಹೆಸರಾದ ವಿವರಣೆ ಇದೆ: ಇಬ್ಬರು ಒಬ್ಬರಿಗೊಬ್ಬರು ಆತು ನಿಂತಿದ್ದಾರೆ, ಅದೇ ಮನುಷ್ಯ ಅಂತ. ಹಳೆಯ ರೂಪ ನೋಡಿದರೆ ಅಲ್ಲಿರುವುದು ಒಬ್ಬನೇ, ಪಕ್ಕದಿಂದ ಕಾಣುವಂತೆ ಕೈ ಮುಂದೆ ಚಾಚಿ ನಿಂತವನು.

ಹಾಗಾದರೆ ಸೂರ್ಯ, ಮರದ ಕಥೆ?

ಅದಕ್ಕೆ ಹೆಚ್ಚಿನ ಮರ್ಯಾದೆ ಇದೆ, ಯಾಕೆಂದರೆ ಅದು ಸುಮಾರು 1,900 ವರ್ಷ ಹಳೆಯದು. ಹಾನ್ ರಾಜವಂಶದ ಕಾಲದ ಚೀನೀ ವಿದ್ವಾಂಸ ಶು ಶೆನ್ ಕ್ರಿ.ಶ. 100ರಲ್ಲಿ ‘ಶುವೊವೆನ್ ಜಿಯೆಝಿ’ ಎಂಬ ಮಹಾಕೋಶವನ್ನು ಬರೆದು ಮುಗಿಸಿದ. 9,353 ಅಕ್ಷರಗಳನ್ನು 540 ಮೂಲಾಂಗಗಳ ಕೆಳಗೆ ಜೋಡಿಸಿ, ಒಂದೊಂದರ ಹುಟ್ಟನ್ನೂ ವಿವರಿಸಲು ಹೊರಟ ಕೃತಿ ಅದು. 121ರಲ್ಲಿ ಅವನ ಮಗ ಅದನ್ನು ಚಕ್ರವರ್ತಿಗೆ ಒಪ್ಪಿಸಿದ. ಮೂಡಣದ ಅಕ್ಷರಕ್ಕೆ ‘ಮರದ ನಡುವೆ ಸೂರ್ಯ’ ಎಂಬ ವಿವರಣೆ ಅದರಲ್ಲೇ ಇದೆ. ನಮ್ಮ ಮೇಡಂ ಹೇಳಿದ್ದು ಅವರು ಕಟ್ಟಿದ ಕಥೆಯಲ್ಲ, ನೂರು ತಲೆಮಾರು ದಾಟಿ ಬಂದ ಪಾಠ.

ಶು ಶೆನ್ ಕೈಗೆ ಸಿಗದೇ ಹೋದ ಒಂದು ಸಾಕ್ಷಿ ಇತ್ತು. ಅದು ನೆಲದಡಿ ಹೂತುಹೋಗಿತ್ತು. 1899ರಲ್ಲಿ ಬೀಜಿಂಗಿನ ವಿದ್ವಾಂಸ ವಾಂಗ್ ಯಿರೊಂಗ್, ‘ಡ್ರ್ಯಾಗನ್ ಮೂಳೆ’ ಎಂದು ಔಷಧದಂಗಡಿಗಳಲ್ಲಿ ಅರೆದು ಕೊಡುತ್ತಿದ್ದ ಹಳೆಯ ಮೂಳೆಗಳ ಮೇಲಿನ ಗೀರುಗಳು ಪ್ರಾಚೀನ ಲಿಪಿ ಎಂದು ಗುರುತಿಸಿದ. ಆಮೆಯ ಚಿಪ್ಪು, ದನದ ಹೆಗಲ ಮೂಳೆಗಳ ಮೇಲೆ ಶಾಂಗ್ ಅರಸರ ಕಾಲದ ಶಕುನದ ಪ್ರಶ್ನೆಗಳು: ಮಳೆ ಬರುತ್ತದೆಯೇ, ಯುದ್ಧಕ್ಕೆ ಹೋಗಬಹುದೇ. ಮೂಳೆಗಳ ನೆಲೆ ಆನ್‌ಯಾಂಗ್ ಎಂದು ತಿಳಿದು, 1928ರಿಂದ ಅಲ್ಲಿ ಕ್ರಮಬದ್ಧ ಉತ್ಖನನ ನಡೆಯಿತು. ಸುಮಾರು 3,200 ವರ್ಷ ಹಿಂದಿನ ಆ ಗೀರುಗಳಲ್ಲಿ ಮೂಡಣದ ಅಕ್ಷರವೂ ಸಿಕ್ಕಿತು. ಅದರಲ್ಲಿ ಸೂರ್ಯನೂ ಇಲ್ಲ, ಮರವೂ ಇಲ್ಲ. ಇರುವುದು ಒಂದು ಚೀಲ. ಹೊಟ್ಟೆ ಉಬ್ಬಿದ, ಮೇಲೆ ಕೆಳಗೆ ಎರಡೂ ಬಾಯಿಗಳನ್ನು ಹಗ್ಗದಿಂದ ಬಿಗಿದ, ನಡುವಿಗೂ ಕಟ್ಟು ಹಾಕಿದ ಮೂಟೆ.

ಮೂಟೆ ಹೇಗೆ ದಿಕ್ಕಾಯಿತು? ಉತ್ತರ ನಮಗೆ ಕನ್ನಡದಲ್ಲೇ ಸಿಗುತ್ತದೆ. ಲಿಪಿಯೇ ಇಲ್ಲದ ಕಾಲದಲ್ಲಿ ಚಿತ್ರ ಬರೆದು ಸುದ್ದಿ ಕಳಿಸಬೇಕಾಗಿದೆ ಅಂದುಕೊಳ್ಳಿ. ‘ನನಗೆ ಬೇಡ’ ಎನ್ನಬೇಕು. ‘ಬೇಡ’ ಎಂಬುದಕ್ಕೆ ಯಾವ ಚಿತ್ರ ಬರೆಯುತ್ತೀರಿ? ಬಿಲ್ಲು ಹಿಡಿದ ಬೇಡನ ಚಿತ್ರ ಬರೆದರಾಯಿತು. ಓದುವವನು ‘ಬೇಡ’ ಎಂದು ಓದಿಕೊಂಡು ಅರ್ಥ ಮಾಡಿಕೊಳ್ಳುತ್ತಾನೆ. ದಿಕ್ಕನ್ನು ಕಣ್ಣಿನಿಂದ ನೋಡಿ ಬರೆಯುವ ಹಾಗಿಲ್ಲ. ಹಳೆಯ ಚೀನೀ ಭಾಷೆಯಲ್ಲಿ ಮೂಟೆಗಿದ್ದ ಮಾತಿನ ಉಚ್ಚಾರಣೆಯೂ ಮೂಡಣಕ್ಕಿದ್ದ ಮಾತಿನ ಉಚ್ಚಾರಣೆಯೂ ಹತ್ತಿರವಿದ್ದದ್ದರಿಂದ ಮೂಟೆಯ ಚಿತ್ರವನ್ನು ಕಡ ತಂದರು ಎನ್ನುವುದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಜಪಾನಿನ ಹಿರಿಯ ಕಾಂಜಿ ಪಂಡಿತ ಶಿರಕಾವ ಶಿಜುಕಾ ಅವರ ಕೋಶಗಳೂ ಇದನ್ನು ಚೀಲವೆಂದೇ ವಿವರಿಸುತ್ತವೆ.

ಬೇರೆ ಚಿತ್ರವನ್ನು ಕಡ ತಂದ ಇನ್ನೊಂದು ದಿಕ್ಕು ಬಡಗಣ, ಆದರೆ ಇಲ್ಲಿ ದಾರಿ ತೋರಿಸಿದ್ದು ಅರ್ಥ. ಆ ಅಕ್ಷರ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಚಿತ್ರ. ಮೂಲ ಅರ್ಥ ಬೆನ್ನು. ಚೀನಾದಲ್ಲಿ ಅರಸ ತೆಂಕಣಕ್ಕೆ ಮುಖ ಮಾಡಿ ಕೂರುವ ಪದ್ಧತಿ, ಅವನ ಬೆನ್ನು ಬೀಳುವುದು ಬಡಗಣಕ್ಕೆ. ಆ ಅಕ್ಷರ ದಿಕ್ಕಿನ ಪಾಲಾದ ಮೇಲೆ ನಿಜವಾದ ಬೆನ್ನನ್ನು ಬರೆಯಲು ಅದರ ಕೆಳಗೆ ಮಾಂಸ ಎಂಬ ತುಂಡು ಸೇರಿಸಬೇಕಾಯಿತು.

ಚೀಲದ ಮೂಲ ತಿಳಿದಾಗ ನನಗೆ ಮೊದಲು ಬೇಸರವಾಯಿತು. ಮರದ ಹಿಂದಿನ ಸೂರ್ಯೋದಯವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆಮೇಲೆ ‘ಭಾರ’ ಎಂಬ ಅಕ್ಷರದ ಹಳೆಯ ರೂಪ ನೋಡಿದೆ. ಒಬ್ಬ ಮನುಷ್ಯ, ಅವನ ಬೆನ್ನ ಮೇಲೆ ಇದೇ ಮೂಟೆ! ಮೂಡಣದಲ್ಲಿ ಧ್ವನಿಗಷ್ಟೇ ಬಂದು ನಿಂತ ಚೀಲ ಇಲ್ಲಿ ಚೀಲವಾಗಿಯೇ ಉಳಿದಿದೆ. ಆ ಭಾರದ ಪಕ್ಕದಲ್ಲಿ ಬಲ ಎಂಬ ತುಂಡು ಸೇರಿದರೆ ‘ಚಲಿಸು’ ಎಂಬ ಅಕ್ಷರ. ಚಲಿಸುವುದರ ಪಕ್ಕದಲ್ಲಿ ಮನುಷ್ಯ ಬಂದು ನಿಂತರೆ ‘ದುಡಿ’, ಇದು ಜಪಾನಿನಲ್ಲೇ ಕಟ್ಟಿದ ಅಕ್ಷರ. ಮೂಟೆ, ಭಾರ, ಚಲನೆ, ದುಡಿಮೆ. ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಜಾವ ಹಮಾಲರು ಅಕ್ಕಿಮೂಟೆ ಬೆನ್ನಿಗೇರಿಸಿಕೊಂಡು ಲಾರಿಯತ್ತ ನಡೆಯುವುದನ್ನು ಕಂಡವರಿಗೆ ಈ ಸಾಲು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಸೂರ್ಯ, ಮರವನ್ನೇ ಹುಟ್ಟೆಂದು ನಂಬಿ ಕೂತಿದ್ದರೆ ಭಾರದೊಳಗೆ ಸೂರ್ಯ ಯಾಕೆ ಬಂದ ಎಂದು ತಲೆ ಕೆರೆದುಕೊಳ್ಳಬೇಕಿತ್ತು. ನಿಜವಾದ ಮೂಲ ಗೊತ್ತಿದ್ದರೆ ಇರುವ ಲಾಭ ಇದು: ಕಥೆ ಒಂದು ಅಕ್ಷರಕ್ಕೆ ಮುಗಿಯುತ್ತದೆ, ಮೂಲ ನಾಲ್ಕಾರು ಅಕ್ಷರಗಳ ಬಾಗಿಲು ತೆರೆಯುತ್ತದೆ.

ಮತ್ತೆ ಕೆಲವು ಕಡೆ ಕಥೆಯೂ ಬೇಡ, ಮೂಲವೂ ಬೇಡ, ಕಿವಿ ಇದ್ದರೆ ಸಾಕು. ಮೂಡಣದ ಎಡಕ್ಕೆ ಮಂಜುಗಡ್ಡೆಯ ಎರಡು ಗೆರೆ ಹಾಕಿದರೆ ‘ಹೆಪ್ಪುಗಟ್ಟು’. ಎಡಕ್ಕೆ ಮರ ಬಂದರೆ ಮನೆಯ ಮಾಡಿನ ‘ನೆತ್ತಿ’. ಎರಡರ ಚೀನೀ ಮೂಲದ ಉಚ್ಚಾರಣೆಯೂ ‘ತೋ’. ಎಡಗಡೆಯ ತುಂಡು ಅರ್ಥದ ಸುಳಿವು ಕೊಡುತ್ತದೆ, ಬಲಗಡೆಯ ಮೂಡಣ ಧ್ವನಿಯನ್ನು ಹೇಳುತ್ತದೆ. ಚೀನೀ ಅಕ್ಷರಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೀಗೆ ಅರ್ಥ, ಧ್ವನಿಗಳ ಜೋಡಿಯಿಂದ ಆದವು. ಇಲ್ಲಿ ಮೂಡಣದಿಂದ ತಣ್ಣನೆಯ ಗಾಳಿ ಬೀಸಿ ನೀರು ಹೆಪ್ಪುಗಟ್ಟಿತು ಎಂದು ಕಥೆ ಹೊಸೆಯುವುದು ನನ್ನ ಮಟ್ಟಿಗೆ ಕಾಲಹರಣ; ಉಚ್ಚಾರಣೆ ಕಣ್ಣೆದುರೇ ಇರುವಾಗ ಅದನ್ನು ಮುಚ್ಚಿಹಾಕಿದ ಹಾಗಾಗುತ್ತದೆ. ಅಪರೂಪಕ್ಕೆ ಕಥೆ, ಮೂಲ ಎರಡೂ ಒಂದೇ ಆಗುವುದೂ ಉಂಟು. ಬೆಟ್ಟ, ಮೇಲೆ, ಕೆಳಗೆ ಎಂಬ ಮೂರು ತುಂಡು ಸೇರಿಸಿ ಜಪಾನೀಯರು ‘ತೋಗೆ’ ಎಂಬ ಅಕ್ಷರ ಕಟ್ಟಿದರು. ಅರ್ಥ ಘಾಟಿ. ಆಗುಂಬೆ ಹತ್ತಿ ಇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನೆನಪಿನ ಕಥೆಗೆ ಇತಿಹಾಸದ ಅಧಿಕಾರ ಬೇಕಿಲ್ಲ ಎನ್ನುವುದು ನಮಗೆ ಹೊಸದೇನೂ ಅಲ್ಲ. ಶಾಲೆಯಲ್ಲಿ ಛಂದಸ್ಸು ಕಲಿಯುವಾಗ ‘ಯಮಾತಾರಾಜಭಾನಸಲಗಂ’ ಎಂದು ಉರುಹೊಡೆದಿದ್ದೇವೆ. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರಕ್ಷರ ಎಣಿಸಿದರೆ ಲಘು, ಗುರುಗಳ ಕ್ರಮ ಸಿಗುತ್ತದೆ: ಯಮಾತಾ ಎಂದರೆ ಒಂದು ಲಘು, ಎರಡು ಗುರು, ಅದು ಯಗಣ. ಇದರಲ್ಲಿ ಯಮ ಯಾಕೆ ಬಂದ, ಯಾವ ರಾಜ ಎಂದು ಯಾರೂ ಕೇಳುವುದಿಲ್ಲ. ಮುಷ್ಟಿ ಕಟ್ಟಿ ಬೆರಳ ಗೆಣ್ಣುಗಳ ಮೇಲೆ 31 ದಿನದ ತಿಂಗಳು ಎಣಿಸುವಾಗಲೂ ಅಷ್ಟೇ. ತಪ್ಪಾಗುವುದು ಸಾಧನವನ್ನೇ ಚರಿತ್ರೆ ಎಂದು ಹೇಳಿಕೊಟ್ಟಾಗ. ಕಲಿಸುವವರು ‘ಇದು ನೆನಪಿಗೆ, ಹುಟ್ಟು ಬೇರೆ’ ಎಂದು ಒಂದು ಮಾತು ಸೇರಿಸಬೇಕು. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಇಂದು ಕಾಂಜಿ ಕಲಿಯುವ ವಿದೇಶೀಯರಲ್ಲಿ ಬಹಳ ಮಂದಿ ಜೇಮ್ಸ್ ಹೈಸಿಗ್ ತೋರಿಸಿದ ದಾರಿಯಲ್ಲಿ ನಡೆಯುತ್ತಾರೆ. 1970ರ ದಶಕದಲ್ಲಿ ಜಪಾನಿಗೆ ಬಂದ ಈ ಧರ್ಮ-ತತ್ವಶಾಸ್ತ್ರದ ವಿದ್ವಾಂಸರು ಪ್ರತಿ ಅಕ್ಷರವನ್ನೂ ತುಂಡುಗಳಾಗಿ ಒಡೆದು, ತುಂಡಿಗೊಂದು ಹೆಸರಿಟ್ಟು, ಅಕ್ಷರಕ್ಕೊಂದು ಇಂಗ್ಲಿಷ್ ಪದ ಗೊತ್ತುಮಾಡಿ, ಎಲ್ಲವನ್ನೂ ಒಂದು ಕಲ್ಪನೆಯ ದೃಶ್ಯದಲ್ಲಿ ಹೆಣೆಯುವ ಪುಸ್ತಕ ಬರೆದರು. ವಿಧಾನ ಒಳ್ಳೆಯದು, ನಾನೂ ಅದರಿಂದ ಕಲಿತಿದ್ದೇನೆ. ಆದರೆ ಬೆಂಗಳೂರಿನಲ್ಲಿ ಜಪಾನಿ ಕಲಿಯುವ ನಮ್ಮ ಹುಡುಗ ಹುಡುಗಿಯರು ಆ ಇಂಗ್ಲಿಷ್ ಪದಗಳನ್ನೇ, ಆ ಇಂಗ್ಲಿಷ್ ದೃಶ್ಯಗಳನ್ನೇ ಮೊಬೈಲಿನಲ್ಲಿ ಉರುಹೊಡೆಯುವುದನ್ನು ಕಂಡಾಗ ಕಸಿವಿಸಿಯಾಗುತ್ತದೆ. ಬೇರೆಯವರು ಕಂಡ ಚಿತ್ರ ನಮ್ಮ ಕಣ್ಣಿಗೆ ಅಷ್ಟು ಬೇಗ ಅಂಟುವುದಿಲ್ಲ.

ಮೂಡಣವನ್ನೇ ನೋಡಿ. ‘ಈಸ್ಟ್’ ಎನ್ನುವ ಮಾತು ಕನ್ನಡದ ಕಿವಿಗೆ ಬರೀ ಒಂದು ಗುರುತು, ಅದರೊಳಗೆ ಸೂರ್ಯ ಕಾಣುವುದಿಲ್ಲ. ‘ಮೂಡಣ’ದಲ್ಲಿ ಕಾಣುತ್ತಾನೆ, ಯಾಕೆಂದರೆ ಅದು ಹುಟ್ಟಿದ್ದೇ ಮೂಡು ಎಂಬ ಕ್ರಿಯೆಯಿಂದ. ಅವನು ಪಡುವ, ಅಂದರೆ ಮುಳುಗುವ ದಿಕ್ಕು ಪಡುವಣ. ಜಪಾನಿಯ ‘ಹಿಗಾಶಿ’ಯೂ ಹಾಗೇ. ಅದರ ಹಳೆಯ ರೂಪ ‘ಹಿಮುಕಾಶಿ’. ‘ಹಿ’ ಎಂದರೆ ಸೂರ್ಯ, ‘ಮುಕಾ’ದಲ್ಲಿ ಎದುರಾಗು, ಮುಖಮಾಡು ಎಂಬ ಅರ್ಥವಿದೆ. ಸೂರ್ಯನಿಗೆ ಮುಖ ಮಾಡುವ ದಿಕ್ಕು. ಚೀನಾದಿಂದ ಬಂದ ಅಕ್ಷರದಲ್ಲಿ ಸೂರ್ಯ ಇರಲಿಲ್ಲ, ಜಪಾನಿನ ಮಾತಿನಲ್ಲಿ ಮೊದಲಿನಿಂದಲೂ ಇದ್ದ. ನಮ್ಮ ಮೇಡಂ ಬೋರ್ಡಿನ ಮೇಲೆ ಕೂರಿಸಿದ ಸೂರ್ಯ ಅಕ್ಷರಕ್ಕೆ ಸಲ್ಲದಿದ್ದರೂ ಮಾತಿಗೆ ಸಲ್ಲುತ್ತಾನೆ.

ದಿಕ್ಕನ್ನು ಸ್ಥಳದ ಹೆಸರಿಗೆ ಕಟ್ಟುವುದರಲ್ಲೂ ಕನ್ನಡದವರೂ ಜಪಾನೀಯರೂ ಒಂದೇ. ಕರಾವಳಿಯಲ್ಲಿ ಮೂಡುಬಿದಿರೆ ಇದೆ, ಪಡುಬಿದ್ರಿಯೂ ಇದೆ: ಮೂಡಣದ ಬಿದಿರು, ಪಡುವಣದ ಬಿದಿರು. ಜಪಾನಿನ ನಾರಾದಲ್ಲಿ ತೋದಾಯ್‌ಜಿ ಇದೆ, ಸಾಯ್‌ದಾಯ್‌ಜಿಯೂ ಇದೆ: ಮೂಡಣದ ಮಹಾವಿಹಾರ, ಪಡುವಣದ ಮಹಾವಿಹಾರ. ತೋದಾಯ್‌ಜಿಯ ಬೃಹತ್ ಬುದ್ಧನಿಗೆ 752ರಲ್ಲಿ ಕುಂಚದಿಂದ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಆ ಕುಂಚವನ್ನು ನಾರಾದ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಭಾರತದ ಅಕ್ಷರವಿದ್ಯೆ ಬೌದ್ಧಧರ್ಮದ ಜೊತೆಗೆ ಆ ದ್ವೀಪಕ್ಕೆ ಹೋದ ಗುರುತು ಜಪಾನಿನ ಕಾನಾ, ಅಂದರೆ ಧ್ವನಿಯನ್ನಷ್ಟೇ ಬರೆಯುವ ಅಕ್ಷರಗಳ ಕ್ರಮದಲ್ಲೂ ಉಳಿದಿದೆ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಈಗಿನ ‘ಹ’ ಹಿಂದೆ ‘ಪ’ ಆಗಿತ್ತು, ‘ಸ’ದ ಉಚ್ಚಾರಣೆ ‘ಚ’ಕಾರಕ್ಕೆ ಹತ್ತಿರವಿತ್ತು ಎಂದು ತಿಳಿದರೆ ಇದು ನಮ್ಮ ಕ-ಚ-ತ-ಪ ಎಂದು ತಟ್ಟನೆ ಹೊಳೆಯುತ್ತದೆ. ಹಾಗಾಗಿ ಕನ್ನಡದವರು ಜಪಾನಿ ಕಲಿಯಲು ಕೂತಾಗ ಬರಿಗೈಯಲ್ಲಿ ಕೂರುವುದಿಲ್ಲ.

ಟೋಕಿಯೊದಲ್ಲಿ ಇಕೆಬುಕುರೊ ಎಂಬ ದೊಡ್ಡ ರೈಲುನಿಲ್ದಾಣವಿದೆ. ಅದರ ಪೂರ್ವದ್ವಾರದ ಫಲಕದಲ್ಲಿ ನಿಮ್ಮ ಹಾಳೆಯ ಅಕ್ಷರವೇ ಇದೆ, ಪಕ್ಕದಲ್ಲಿ ಬಾಯಿ ಎಂಬ ಪುಟ್ಟ ಪೆಟ್ಟಿಗೆ. ಆ ದ್ವಾರದಿಂದ ಹೊರಬಂದರೆ ಎದುರಾಗುವ ಮಳಿಗೆಯ ಹೆಸರು ಸೆಇಬು, ಅದು ಶುರುವಾಗುವುದು ಪಡುವಣದ ಅಕ್ಷರದಿಂದ. ಪಶ್ಚಿಮದ್ವಾರದಲ್ಲಿರುವುದು ತೋಬು, ಅದರ ಮೊದಲಕ್ಷರ ಮೂಡಣ. ಮೊದಲ ಸಲ ಅಲ್ಲಿಳಿದಾಗ ನಾನು ಎರಡು ಫಲಕಗಳ ನಡುವೆ ದಿಕ್ಕು ತಿಳಿಯದೆ ನಿಂತಿದ್ದೆ. ಆಗ ಕಣ್ಣು ಹೋದದ್ದು ನಿಲ್ದಾಣದ ಹೆಸರಿನ ಮೇಲೆ. ‘ಇಕೆ’ ಎಂದರೆ ಕೊಳ. ‘ಬುಕುರೊ’, ಅಂದರೆ ‘ಫುಕುರೊ’, ಚೀಲ. ಮೂಡಣ ಎಂದು ಬರೆದ ಫಲಕದ ಪಕ್ಕದಲ್ಲೇ ಚೀಲ ಎಂದು ಬರೆದಿತ್ತು. ಕಾಕತಾಳೀಯವೇ, ಆದರೆ ಆ ಹೊತ್ತಿಗೆ ನನಗೆ ಬೇಕಾದದ್ದು ಸಿಕ್ಕಿತು: ಮೂಡಣ, ಮೂಟೆ.

ಎರಡು ಮಾತುಗಳನ್ನು ಬಾಯಿಬಿಟ್ಟು ಹೇಳಿ ನೋಡಿ. ಮೂಡು, ಮೂಟೆ. ಕನ್ನಡದಲ್ಲಿ ಇವಕ್ಕೆ ಹುಟ್ಟಿನ ಸಂಬಂಧವಿಲ್ಲ, ಉಚ್ಚಾರಣೆ ಅಷ್ಟೇ ಹತ್ತಿರ. ಹಳೆಯ ಚೀನಾದ ಲಿಪಿಕಾರ ಮಾಡಿದ್ದೂ ಇದನ್ನೇ. ದಿಕ್ಕಿಗೆ ಚಿತ್ರ ಸಿಗದೆ, ಉಚ್ಚಾರಣೆಯಲ್ಲಿ ಹತ್ತಿರವಿದ್ದ ಮೂಟೆಯನ್ನು ಎತ್ತಿ ತಂದ. ಅವನ ಭಾಷೆಯಲ್ಲಿ ಕೂಡಿಬಂದದ್ದು ನಮ್ಮ ಭಾಷೆಯಲ್ಲೂ ಕೂಡಿಬಂದಿದೆ. ಮೂಲಕ್ಕೆ ಮೂಲವೂ ಆಯಿತು, ನೆನಪಿಗೆ ನೆನಪೂ ಆಯಿತು. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ಭಾಗ್ಯ ಇಲ್ಲ.

ಅದಕ್ಕೇ ಜಪಾನಿ ಕಲಿಯುತ್ತಿರುವ ಎಲ್ಲರಲ್ಲೂ ಒಂದು ಕೋರಿಕೆ. ಬಿಡದಿಯ ಕಾರ್ಖಾನೆಯಲ್ಲಿ ಜಪಾನೀಯರ ಜೊತೆ ಕೆಲಸ ಮಾಡುವವರಿರಲಿ, ಜುಲೈ, ಡಿಸೆಂಬರ್‌ನಲ್ಲಿ ನಡೆಯುವ ಜಪಾನಿ ಭಾಷಾ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿರಲಿ, ಅಕ್ಷರದ ಅರ್ಥವನ್ನು ಕನ್ನಡದಲ್ಲಿ ಗುರುತುಮಾಡಿಕೊಳ್ಳಿ. ಬೆನ್ನಿಗೆ ಬೆನ್ನು ಕೊಟ್ಟ ಇಬ್ಬರನ್ನು ಕಂಡರೆ ‘ಬಡಗಣಕ್ಕೆ ಬೆನ್ನು’ ಎನ್ನಿ. ಅಡುಗೆಮನೆ, ಗದ್ದೆ, ಸಂತೆ, ಘಾಟಿ, ಎಲ್ಲಿ ಚಿತ್ರ ಸಿಕ್ಕರೂ ಬಿಡಬೇಡಿ. ಮುಂದಿರುವ ಹಾಳೆಯ ಮೇಲೆ ಎಂಟು ಗೆರೆಯ ಅಕ್ಷರ ಕಾದಿದೆ. ಅದರ ಪಕ್ಕದಲ್ಲಿ ಈಗಲೇ ದಪ್ಪಕ್ಷರದಲ್ಲಿ ‘ಮೂಡಣ’ ಎಂದು ಬರೆಯಿರಿ, ಕೆಳಗೆ ಸಣ್ಣದಾಗಿ ‘ಮೂಟೆ’ ಎಂದು ಬರೆಯಿರಿ. ನಾಳೆ ಬೆಳಿಗ್ಗೆ ಹಾಳೆ ನೋಡದೆ ಇನ್ನೊಂದು ಸಲ ಬರೆದು ನೋಡಿ.